ಮೀನಿನ ತೊಟ್ಟಿಯ ಅಡಿಯಲ್ಲಿ

ಮತ್ತೊಂದು ಹನಿ, ಕೆಂಪಗೆ, ಬೋಲ್ಟಿನ ತುದಿಯಲ್ಲಿ ದಪ್ಪವಾಗುತ್ತಿದೆ, ಈಗ ಬೀಳುತ್ತದೆ — ಬಿತ್ತು, ಗುಬ್ಬಿಯ ಅಂಗಾಲಿನ ಮೇಲೆ, ಬೆರಳು ಮಡಚಿಕೊಂಡಳು, ಏಳಲಿಲ್ಲ, ಈ ಮೊಮ್ಮಗಳಿಗೆ ಪರದೆಯೊಳಗೆ ಕಾಲು ತೂರಿಸಿ ಮಲಗಿದರೇ ನಿದ್ದೆ, ತಂಪಾಗಿರುತ್ತೆ ತಾತ ಅನ್ನುತ್ತಾಳೆ, ತಂಪಲ್ಲ ಮಗಳೇ ಅದು, ತೇವ, ಕಬ್ಬಿಣ ತಿನ್ನುವ ತೇವ. ಪರದೆ ಅವಳ ಅಮ್ಮನ ಕೈಕೆಲಸ, ನನ್ನ ಮಗಳದು, ಮೀನಿನ ತೊಟ್ಟಿಯ ಸ್ಟ್ಯಾಂಡಿಗೆ ಲಂಗ ತೊಡಿಸಿದ ಹಾಗೆ ಸುತ್ತಲೂ ಹೂವಿನ ಬಟ್ಟೆ ಕಟ್ಟಿದ್ದಾಳೆ, ಒಳಗಿನ ಬಕೆಟ್ಟು, ವೈರು, ತುಕ್ಕು ಯಾರಿಗೂ ಕಾಣಬಾರದು, ಬಂದವರ ಮುಂದೆ ಮಾನ ಹೋಗುತ್ತದಂತೆ — ಗಾಳಿ ಆಡಲ್ಲ ಕಣೇ, ಒಳಗೆ ಬೆವರುತ್ತೆ, ಸ್ಟ್ಯಾಂಡಿನ ಕಾಲು ಕೊಳೀತಿದೆ ಅಂದೆ, ಅಳಿಯ ನಕ್ಕ, ಕಬ್ಬಿಣ ಎಲ್ಲಾದ್ರೂ ಬೆವರುತ್ತಾ ಮಾವ, ಹೋದ ಸಲ ಮೀನು ಸೀನ್ತು ಅಂದ್ರಿ. ಅಂದಿದ್ದೆ. ಮೀನು ಸೀನಿತು, ಮೂಗೊರೆಸಿಕೊಳ್ಳಲು ನನ್ನ ಟವೆಲ್ ಕೇಳಿತು ಅಂದಿದ್ದೆ, ಗುಬ್ಬಿ ಹೊಟ್ಟೆ ಹಿಡಿದು ನಕ್ಕಳು, ಅದಕ್ಕೇ ಹೇಳಿದ್ದು, ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಲ್ಲ. ತುಕ್ಕು ಕೆರೆಯದೆ ಅದರ ಮೇಲೇ ಕಪ್ಪು ಬಣ್ಣ ಬಳಿದವನೂ ಅವನೇ, ಪುಣ್ಯಾತ್ಮ, ಹೊಸದರ ಹಾಗಾಯ್ತು ನೋಡಿ ಅಂದ, ಹೊಸದರ ಹಾಗೇ ಇತ್ತು, ಈಗ ತಾನೇ ಒರೆಸೋಣ ಅಂತ ಪರದೆ ಎತ್ತಿ ಹೆಬ್ಬೆರಳು ಒತ್ತಿದೆ, ಬಣ್ಣ ಬಳುಕಿತು, ಒಳಗೆ ಕಬ್ಬಿಣವೇ ಇಲ್ಲ, ಬರೀ ಪುಡಿ, ಸ್ಟ್ಯಾಂಡಿನ ಕಾಲು ಮಡಚಿಕೊಂಡಿತು, ತೊಟ್ಟಿ ಗುಬ್ಬಿಯ ಕಡೆ ವಾಲಿತು, ಹೆಗಲು ಕೊಟ್ಟೆ. ಕೊಟ್ಟೇ ಇದ್ದೇನೆ. ಲಾರಿ ಕ್ಲೀನರ್ ಆಗಿದ್ದಾಗ ಜಾಕ್ ಮುರಿಯಿತು, ಲಾರಿಯನ್ನೇ ಹೆಗಲ ಮೇಲೆ ಹೊತ್ತು ನಿಂತೆ, ಡ್ರೈವರ್ ಸಿಗರೇಟು ಸೇದಿ ಮುಗಿಸುವವರೆಗೆ — ಈ ಕಥೆ ಹೇಳದ ಮನೆಯಿಲ್ಲ, ಆ ಲಾರಿಯ ತೂಕವೆಲ್ಲ ಇವತ್ತು ಬಂದು ಕೂತಿದೆ, ಕತ್ತಿನ ನರ ಹಗ್ಗವಾಗಿದೆ. ಬೇಗ ಬನ್ನಿ, ಸ್ಟ್ಯಾಂಡ್ ಕಾಲು ಹೋಯ್ತು, ನಾನು ಹಿಡ್ಕೊಂಡಿದೀನಿ ಅಂತ ಕೂಗಿದೆ, ಅಡುಗೆಮನೆಯಲ್ಲಿ ನಗು, ಮಗಳು ನೆಂಟರಿಗೆ ಹೇಳುತ್ತಿದ್ದಾಳೆ, ನಮ್ಮಪ್ಪಂದು ಶುರುವಾಯ್ತು, ಲಾರಿ ಆಯ್ತು, ಈಗ ಮೀನಿನ ತೊಟ್ಟಿ, ಅಳಿಯನ ದನಿ, ಹಂಗೇ ಹಿಡ್ಕೊಂಡಿರಿ ಮಾವ, ಟೀ ಕುಡ್ದು ಬರ್ತೀವಿ. ಕುಡಿಯಿರಪ್ಪ, ಬಿಸ್ಕತ್ತು ಅದ್ದಿಕೊಂಡು ನಿಧಾನವಾಗಿ ಕುಡಿಯಿರಿ, ಇಷ್ಟು ವರ್ಷ ನಗಿಸಿದ್ದಕ್ಕೆ ಇದೇ ಕೂಲಿ, ನಗು. ನಿಜ ಹೇಳುವ ದನಿ ಹೇಗಿರುತ್ತದೆ, ಇನ್ನೊಮ್ಮೆ ಕೂಗಿದೆ, ಅದೂ ಕಥೆಯ ಹಾಗೇ ಕೇಳಿಸಿತು, ನನಗೇ. ಗಾಜಿನ ಹಿಂದೆ ಮೀನು ಬಾಯಿ ತೆಗೆದು ಮುಚ್ಚುತ್ತಿದೆ, ಇರುವುದೊಂದು ಸಾಕ್ಷಿ, ಅದಕ್ಕೂ ದನಿಯಿಲ್ಲ. ಕಾಲು ಚಾಚಿದೆ, ಗುಬ್ಬಿಯನ್ನು ಆಚೆ ನೂಕಲು ಒಂದು ಗೇಣು ಸಾಲದು, ಇನ್ನಷ್ಟು ಚಾಚಿದರೆ ಹೆಗಲು ಜಾರುತ್ತದೆ, ಗಾಜು ಕಿರ್ರೆನ್ನುತ್ತದೆ, ಗುಬ್ಬಿ, ಏಳಮ್ಮ, ಆ ಕಡೆ ಉರುಳು, ತೊಟ್ಟಿ ಬೀಳ್ತಿದೆ, ತಾತ ಹೊತ್ಕೊಂಡಿದಾನೆ. ಕಣ್ಣು ತೆರೆಯದೆಯೇ ನಗುತ್ತಾಳೆ, ಆಮೇಲೆ ಏನಾಯ್ತು ತಾತ. ಆಮೇಲೆ — ಆಮೇಲೆ ಹನಿ, ಬೋಲ್ಟಿನ ತುದಿಯಲ್ಲಿ, ಕೆಂಪಗೆ, ದಪ್ಪವಾಗುತ್ತಿದೆ, ಅದರ ಕೆಳಗೆ ಆ ಪುಟ್ಟ ಅಂಗಾಲು