ಹುಣಸೆ ಹಚ್ಚಿದ ಕಾಂಪಸ್

ಪುರಟ್ಟಾಸಿ ತಿಂಗಳು ಮುಗಿಯುತ್ತ ಬಂದಿತ್ತು. ಆಯುಧಪೂಜೆಯ ಹಿಂದಿನ ದಿನ, ಕರುಮತ್ತಂಪಟ್ಟಿಯ ಮಗ್ಗಗಳೆಲ್ಲ ಮಧ್ಯಾಹ್ನಕ್ಕೇ ನಿಂತಿದ್ದವು. ಸೆಲ್ಲಪ್ಪನ್ ತನ್ನ ಮಗ್ಗದ ಶೆಡ್ಡಿನ ಹತ್ತಿಧೂಳು ಗುಡಿಸಿ, ಸ್ಪ್ಯಾನರು, ಕತ್ತರಿ, ದೀಪಗಳನ್ನೆಲ್ಲ ಅಂಗಳಕ್ಕೆ ತಂದು ತಿಕ್ಕುತ್ತ ಕುಳಿತಿದ್ದ. ಅವನು ಅತ್ತೆ ಎಂದೇ ಕರೆಯುವ ಎದುರುಮನೆಯ ಜಾನಕಿಯಮ್ಮ ಮಾರಿಕೊಡಲು ಕೊಟ್ಟಿದ್ದ ಹಿತ್ತಾಳೆಯ ಕಾಂಪಸ್ಸೂ ಅಲ್ಲಿತ್ತು. ಅವರ ಮಾವನ ಕಾಲಕ್ಕೂ ಹಿಂದೆ ಯಾರೋ ಸರ್ವೆಯ ದೊರೆ ಆ ಮನೆಗೆ ಕೊಟ್ಟುಹೋದದ್ದಂತೆ. ಬಂದ ದುಡ್ಡಿಗೆ ಮಗಳು ನಿತ್ಯಾಗೊಂದು ಓವರ್‌ಲಾಕ್ ಹೊಲಿಗೆ ಮಿಷಿನ್ ತೆಗೆದುಕೊಟ್ಟರೆ, ಅವಳು ದಿನಾ ತಿರುಪ್ಪೂರಿನ ಬನಿಯನ್ ಕಂಪನಿಗೆ ಓಡುವುದು ತಪ್ಪುತ್ತದೆಂಬುದು ಅವರ ಆಸೆ.

ಪೂಜೆಗಿಡುವ ಲೋಹ ಕಪ್ಪಗಿರಬಾರದು. ಸೆಲ್ಲಪ್ಪನ್ ಕಾಂಪಸ್ಸಿನ ಗಾಜು ತಿರುಗಿಸಿ ತೆಗೆದ, ಮುಳ್ಳನ್ನು ಜೋಪಾನವಾಗಿ ಎತ್ತಿಟ್ಟ, ಒಳತಟ್ಟೆಗೂ ಹುಣಸೆಹಣ್ಣು, ಇಟ್ಟಿಗೆಪುಡಿ ಹಚ್ಚಿ ತಿಕ್ಕಿದ. ಹೊಸ ಚೊಂಬಿನ ಹಾಗೆ ಹೊಳೆಯಿತು. ನಾಲ್ಕು ಕಾಸು ಹೆಚ್ಚೇ ಬಂದೀತು ಅಂದುಕೊಂಡ.

ಹಬ್ಬ ಕಳೆದ ಮೇಲೆ ಅದನ್ನು ಕೋಯಮತ್ತೂರಿಗೆ ಒಯ್ದ. ಹಳೆಯ ಗಡಿಯಾರ, ದುರ್ಬೀನುಗಳನ್ನು ಕೊಳ್ಳುವ ಚಂದ್ರಶೇಖರ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಯಾರಪ್ಪ ಇದನ್ನ ತಿಕ್ಕಿದ್ದು?”

ಸೆಲ್ಲಪ್ಪನ್ ಕಾಂಪಸ್ಸನ್ನೇ ನೋಡುತ್ತ ಹೇಳಿದ. “ಇದರ ಮನೆಯವ್ರೇ ಸಾರ್. ವಯಸ್ಸಾದ ಅಮ್ಮ. ಗೊತ್ತಾಗ್ಲಿಲ್ಲ, ಪಾಪ.”

“ಈ ತಟ್ಟೆ ಮೇಲೆ ಬೆಳ್ಳಿ ನೀರಿನ ಲೇಪ ಇತ್ತು. ಕಪ್ಪಾಗಿದ್ದದ್ದು ಅದೇ. ಮಾಡಿದವರ ಹೆಸರನ್ನ ಮಸೀಲಿ ಬರೆದಿದ್ರು, ಈಗ ಲಂಡನ್ ಅನ್ನೋದರ ಬಾಲ ಮಾತ್ರ ಉಳಿದಿದೆ. ಡಬ್ಬಿ, ಮುಳ್ಳು ನೋಡಿದ್ರೆ ನೂರೈವತ್ತು ವರ್ಷದ್ದು. ಹೆಸರಿದ್ದಿದ್ರೆ ಇಪ್ಪತ್ತು ಸಾವಿರಕ್ಕೆ ನಾನೇ ತಗೋತಿದ್ದೆ.”

“ಈಗ ಸಾರ್?”

“ಐದು. ಅದೂ ಮುಳ್ಳು ಸರಿಯಾಗಿ ಉತ್ತರ ತೋರಿಸ್ತಿದೆ ಅಂತ. ಹುಣಸೆಹಣ್ಣನ್ನ ಇನ್ಮೇಲೆ ಸಾಂಬಾರಿಗೆ ಮಾತ್ರ ಹಾಕೋಕೆ ಹೇಳು ಆ ಅಮ್ಮಂಗೆ.”

ನಗಬೇಕಾಗಿತ್ತು. ಸೆಲ್ಲಪ್ಪನ್ ನಕ್ಕ.

ಐದು ಸಾವಿರ ತೆಗೆದುಕೊಂಡು ಊರಿಗೆ ಹತ್ತಿದ ಬಸ್ಸು ನೀಲಾಂಬೂರು ದಾಟುವವರೆಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಜಾನಕಿಯಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. ದುಡ್ಡು ಎಣಿಸಿದ ಅವರ ಮುಖ ಒಂದು ಗಳಿಗೆ ಬಾಡಿತು.

“ಐದಾ. ಮಿಷಿನ್‌ಗೆ ಸಾಲಲ್ಲ. ಹೋಗ್ಲಿ ಬಿಡು, ನಿತ್ಯಾ ಇನ್ನೊಂದು ವರ್ಷ ಓಡ್ಲಿ.”

“ಅತ್ತೆ, ಅದು ಏನಾಯ್ತಂದ್ರೆ...”

“ನೀನೇನು ಮಾಡ್ತೀಯ? ನಿನ್ನಿಂದಾನೇ ಇಷ್ಟಾದ್ರೂ ಬಂತು. ನೋಡ್ತಾನೇ ಇದ್ದೆ ಇಲ್ಲಿಂದ, ನಿನ್ನ ಸ್ವಂತದ್ದಕ್ಕಿಂತ ಜಾಸ್ತಿ ತಿಕ್ಕಿದೆ ಅದನ್ನ. ಆ ಮಸಿಡಬ್ಬೀನ ಹಂಗೇ ಒಯ್ದಿದ್ರೆ ಯಾರು ಮುಟ್ತಿದ್ರು?”

ಅವರು ಐನೂರರ ನೋಟೊಂದನ್ನು ಅವನ ಜೇಬಿಗೆ ತುರುಕಿದರು. “ಬಸ್ ಚಾರ್ಜು. ಬೇಡ ಅಂದ್ರೆ ಕೋಪ ಬರುತ್ತೆ ನಂಗೆ.”

ಹಿಂದಕ್ಕೆ ಕೊಡಲು ಸೆಲ್ಲಪ್ಪನ್ ಜೇಬಿಗೆ ಕೈ ಹಾಕಿದ. ಕೊಟ್ಟರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕೈಯನ್ನು ಬರಿದಾಗಿಯೇ ತೆಗೆದು, “ಬರ್ತೀನಿ ಅತ್ತೆ” ಎಂದು ಬೀದಿಗಿಳಿದ.