ನೀಲಿ ಲೋಟದ ನೀರು

ತುಳುಕುತ್ತಿದೆ, ನಿಧಾನ, ಅರ್ನಾಕ್, ನಿಧಾನ, ಅಂಚು ಚಕ್ಕೆ ಎದ್ದ ಈ ನೀಲಿ ಲೋಟದಲ್ಲೇ ಅಮ್ಮ ಬೇಟೆಯಾಡಿ ತಂದ ಪ್ರತಿ ಸೀಲ್ ಪ್ರಾಣಿಯ ಬಾಯಿಗೂ ಸಿಹಿನೀರು ಬಿಡುತ್ತಿದ್ದಳು, ಉಪ್ಪುನೀರಲ್ಲೇ ಬಾಳಿದ ಜೀವ ಕಣೇ, ಬಾಯಾರಿರತ್ತೆ, ತಣಿದು ಹೋದ್ರೆ ತಾನೇ ಮತ್ತೆ ಹುಟ್ಟಿ ಬರೋದು, ಅನ್ನುತ್ತಿದ್ದಳು, ಸತ್ತವರಿಗೂ ಬಾಯಾರಿಕೆಯೇ, ಅದಕ್ಕೇ ಐದು ವರ್ಷದಿಂದ ದಿನಾ ಬೆಳಿಗ್ಗೆ ಅಮ್ಮನ ಗೋರಿಗೆ ಒಂದು ಲೋಟ, ಇವತ್ತು ಕಡೆಯದು, ಸಂಜೆಯೊಳಗೆ ಊರಿಗೆ ಊರೇ ದೋಣಿ ಹತ್ತಿ ಕೊಲ್ಲಿಯಾಚೆಯ ಬಂಡೆನೆಲಕ್ಕೆ, ಹೊಸ ಮನೆಗಳಿಗೆ, ನೆಲದಡಿಯ ಹಿಮ ಕರಗಿ ಕಡಲು ಶಾಲೆಯನ್ನು ನುಂಗಿತು, ವಿಮಾನ ಇಳಿಯುವ ಪಟ್ಟಿಯಲ್ಲಿ ಅರ್ಧ ನುಂಗಿತು, ಕಡಲಿಗೇನು, ನಮ್ಮ ಹಾಗೆ ಅರ್ಜಿ ಹಾಕಿ ಇಪ್ಪತ್ತು ವರ್ಷ ಕಾಯಬೇಕೇ — ಹಿಂದೆ ರಬ್ಬರ್ ಬೂಟಿನ ಪಚಪಚ, ತಮ್ಮ ನಿಕೆಫರನ ಮಗಳು, ಅಮ್ಮ ಸತ್ತ ವಾರವೇ ಹುಟ್ಟಿ ಅಮ್ಮನ ಹೆಸರನ್ನೇ ಹೊತ್ತವಳು, ಚುಂಗಾಯಾರ್, ನಮ್ಮ ಯೂಪಿಕ್ ಜನರಲ್ಲಿ ಹೆಸರಿನ ಜೊತೆ ಸತ್ತವರೂ ಬರುತ್ತಾರೆ, ಹಾಗಾಗಿ ಐದು ವರ್ಷದ ಪೋರಿ ಐವತ್ತರ ಅರ್ನಾಕಳನ್ನು ಮಗಳೇ ಎನ್ನುತ್ತಾಳೆ, ಇವಳು ಏನಮ್ಮಾ ಎಂದು ಓಗೊಡುತ್ತಾಳೆ, ಅಭ್ಯಾಸ, ಅಷ್ಟೇ, ಯೋಚಿಸಿದ್ದೇ ಇಲ್ಲ.

ಗೋರಿಗಳನ್ನು ಅಗೆದು ಆಚೆ ದಡಕ್ಕೆ ಸಾಗಿಸುವ ಕೆಲಸ ನಿಕೆಫರನದು, ಜೂನ್‌ನಿಂದ ಒಂದೇ ರಾಗ, ಅಕ್ಕಾ, ಎಲ್ಲರದೂ ಆಯ್ತು, ಅಮ್ಮಂದೊಂದೇ ಉಳಿದಿರೋದು, ಹೂಂ ಅನ್ನು, ನಾಳೆ ಹೇಳ್ತೀನಿ ಕಣೋ, ನಿನ್ನ ನಾಳೆ ಬರೋದ್ರೊಳಗೆ ಕಡಲೇ ಅಗೀತದೆ ನೋಡ್ತಿರು, ಆದರೆ ಅಮ್ಮ ಹೇಳಿದ್ದು ಅರ್ನಾಕಳೊಬ್ಬಳಿಗೇ, ಮಲಗಿಸಿದ ಮೇಲೆ ನನ್ನನ್ನ ಎಬ್ಬಿಸಬೇಡ ಕಣೇ, ಎಬ್ಬಿಸಿದರೆ ಮಾತು ಮುರಿದ ಹಾಗೆ, ಬಿಟ್ಟರೆ ಹೆತ್ತವಳನ್ನು ಕಡಲಿಗೆ ಕೊಟ್ಟ ಹಾಗೆ, ಮೀನಮೇಷ ಎಣಿಸುತ್ತಲೇ ಬೇಸಿಗೆ ಮುಗಿಯಿತು, ನಿನ್ನೆ ಗೋರಿಯಿಂದ ಕಡಲು ಕೊರೆದ ಅಂಚಿಗೆ ಏಳು ಹೆಜ್ಜೆ ಇತ್ತು, ಅಳೆದೇ ಬಂದಿದ್ದಳು, ಏಳು ಹೆಜ್ಜೆ ಧಾರಾಳ, ರಾತ್ರಿ ಊಟದ ಹೊತ್ತಿಗೆ ಕೊನೆಗೂ ಬಾಯಿಬಿಟ್ಟಳು, ಆಯ್ತು, ಬೆಳಿಗ್ಗೆ ಅಗಿ, ಆಮೇಲೆ ಗಾಳಿ ಎದ್ದಿತು — ಅಮ್ಮನ ಗೋರಿಯ ಬಿಳಿ ಶಿಲುಬೆ ಎಲ್ಲಿ, ಹುಲ್ಲು ಅಂಚಿನಿಂದ ಜೋತುಬಿದ್ದಿದೆ, ಕೆಳಗೆ ಕಪ್ಪು ಕೆಸರು, ಕಂದು ನೀರು, ಸಲಿಕೆ ಹಿಡಿದು ನಿಂತ ನಿಕೆಫರ್ ಇತ್ತ ನೋಡುತ್ತಿಲ್ಲ, ಬೈಯೋ, ಬೈದುಬಿಡು, ತಪ್ಪಾಯಿತಮ್ಮಾ, ತಪ್ಪು ನನ್ನದೇ, ಕೈಯಲ್ಲಿ ತುಂಬಿದ ನೀಲಿ ಲೋಟ, ಎಲ್ಲಿಗೆ ಸುರಿಯಲಿ, ಇಷ್ಟು ದೊಡ್ಡ ಉಪ್ಪುನೀರಿಗೆ ಒಂದು ಲೋಟ ಸುರಿದರೆ ಯಾರ ಬಾಯಿಗೆ — ಕೋಟಿನ ಅಂಚು ಯಾರೋ ಜಗ್ಗುತ್ತಿದ್ದಾರೆ, ಮಗಳೇ, ಬಾಯಾರಿಕೆ ಕಣೇ, ಕೊಡೇ ಇಲ್ಲಿ — ಅರ್ನಾಕ್ ಮಂಡಿಯೂರುತ್ತಾಳೆ, ಲೋಟದ ಸುತ್ತ ಎರಡು ಪುಟ್ಟ ಕೈ, ಗಟಗಟ, ನೀಲಿ ಲೋಟ, ಚಕ್ಕೆ ಎದ್ದ ಅಂಚು, ಅದರ ಮೇಲೆ ಅಮ್ಮನ ತುಟಿ