ಒಂಬತ್ತನೆಯ ಮಹಡಿಯ ನೀರು

ಅವ್ವನ ಕಾಲ್ಬೆರಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಸಿಮೆಂಟನ್ನು ಸುವರ್ಣಾ ತೆಂಗಿನ ನಾರಿನಿಂದ ತಿಕ್ಕುತ್ತಲೇ ಇದ್ದಳು. ನಾರು ಸವೆಯುತ್ತಿತ್ತೇ ಹೊರತು ಸಿಮೆಂಟು ಏಳುತ್ತಿರಲಿಲ್ಲ. ಊದಿಕೊಂಡ ಕಾಲು ನುಣ್ಣಗೆ ಹೊಳೆಯುತ್ತಿತ್ತು. ಬೆರಳು ಒತ್ತಿದ ಕಡೆ ಬಿದ್ದ ತಗ್ಗು ಹಾಗೇ ಉಳಿಯುತ್ತಿತ್ತು.

“ಸಾಕು ಬಿಡವ್ವಾ, ಹೋಗಂಗಿಲ್ಲ ಅದು,” ಎಂದಳು ಪಕ್ಕದ ಶೆಡ್ಡಿನ ಹುಲಿಗೆಮ್ಮ. ಚೊಂಬಿನಿಂದ ನೀರು ಹಾಕುತ್ತಿದ್ದವಳು ಅವಳೇ. “ಇಷ್ಟ್ ವರ್ಷದ್ದು ಇವತ್ತೊಂದ್ ದಿನಕ್ಕ ಹೋಗತೈತೇನು?”

“ಇನ್ನೊಂದೀಟು ಹಾಕು.”

ಹುಲಿಗೆಮ್ಮ ಹಾಕಿದಳು. ಶಂಶಾಬಾದಿನ ಆ ತಗಡಿನ ಶೆಡ್ಡುಗಳ ಮೇಲೆ ವಿಮಾನವೊಂದು ಗಾಲಿ ಕೆಳಗೆ ಬಿಟ್ಟುಕೊಂಡು ಹಾದುಹೋಯಿತು. ಇನ್ನೂ ಎಂಟು ಗಂಟೆಯಾಗಿರದಿದ್ದರೂ ತಗಡು ಮುಟ್ಟಿದರೆ ಸುಡುತ್ತಿತ್ತು.

ಸುವರ್ಣಾಳ ಅಪ್ಪ ಹುಸೇನಪ್ಪ ಶೆಡ್ಡಿನ ಬಾಗಿಲ ಹತ್ತಿರ ಕೂತಿದ್ದ. ಕಾಂಕ್ರೀಟು ಹಾಕುವಾಗ ಅದನ್ನು ಅದುರಿಸಿ ಕೂಡಿಸುವ ವೈಬ್ರೇಟರ್ ಹಿಡಿಯುವುದು ಅವನ ಕೆಲಸ. ಆ ಕೆಲಸದಿಂದ ಬಂದ ನಡುಕ ಅವನ ಕೈಯಲ್ಲಿ ಸುಮ್ಮನೆ ಕೂತಾಗಲೂ ಇರುತ್ತಿತ್ತು. ಇವತ್ತು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ.

ಮೇಸ್ತ್ರಿ ಗುರುಸಿದ್ದಪ್ಪ ಬಂದು ಅವನೆದುರು ಕುಕ್ಕರಗಾಲಲ್ಲಿ ಕೂತ. “ಕೆರಿ ದಂಡಿ ಮ್ಯಾಲ ಮಣ್ಣು ಮಾಡಾಕ ಜಾಗ ತೋರ್ಸ್ಯಾರ. ಎರಡು ಮೊಳ ತೋಡಿದ್ರೊಳಗ ಕಲ್ಲುಬಂಡಿ ಹತ್ತೇತಿ. ಸೈಟಿನ್ಯಾಗಿಂದ ಬ್ರೇಕರ್ ಮಷಿನ್ ಕಳಿಸೀನಿ.”

“ಊರಿಗೆ ಒಯ್ಯಬೇಕಿತ್ತು,” ಎಂದಳು ಹುಲಿಗೆಮ್ಮ ಒಳಗಿನಿಂದಲೇ. “ಯಾದಗಿರಿ ಏನು ಭಾಳ ದೂರ?”

“ಊರಾಗ ಯಾರದಾರ?” ಎಂದ ಹುಸೇನಪ್ಪ. “ಮನಿ ಬಿದ್ದು ಜಾಲಿ ಬೆಳದೈತಿ. ಈ ಬಿಸಲಾಗ ಹೆಣ ತಡಿಯಂಗಿಲ್ಲ. ಇಲ್ಲೇ ಆಗಲಿ.”

ಸುವರ್ಣಾ ನಾರನ್ನು ಕೆಳಗಿಟ್ಟು ಅವ್ವನ ಕಾಲಿಗೆ ಅರಿಶಿನ ಹಚ್ಚಿದಳು. ಸಿಮೆಂಟಿನ ಮೇಲೆ ಅರಿಶಿನ ಹತ್ತಲಿಲ್ಲ.

*

ಸುವರ್ಣಾಳ ಅವ್ವ ಬಂಡೆಮ್ಮ ಈ ಊರಿಗೆ ಬಂದಾಗ ಇಟ್ಟಿಗೆ ಹೊರುತ್ತಿದ್ದಳು, ಆಮೇಲೆ ಮರಳು ಜರಡಿ ಹಿಡಿಯುತ್ತಿದ್ದಳು. ಸೊಂಟ ಸೋತ ಮೇಲೆ ಗುರುಸಿದ್ದಪ್ಪ ಅವಳನ್ನು ನೀರು ಹೊಡೆಯುವ ಕೆಲಸಕ್ಕೆ ಹಾಕಿದ. ಹೊಸ ಸ್ಲ್ಯಾಬಿನ ಮೇಲೆ ಪೈಪು ಹಿಡಿದು ಓಡಾಡುವುದು ಹಗುರ ಕೆಲಸ, ಮುದುಕಿಯರ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದರು. ಬಂಡೆಮ್ಮನೂ ಹಾಗೇ ಅಂದುಕೊಂಡಿದ್ದಳು.

ಎರಡು ವರ್ಷದ ಹಿಂದೆ ಶುಭಾ ಈ ಸೈಟಿಗೆ ಇಂಜಿನಿಯರಾಗಿ ಬಂದಳು. ಅವಳ ತಾತ ನಾಂಪಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಹಾಗಾಗಿ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದರೂ ಮನೆಮಾತು ಕಲಬುರಗಿಯ ಕನ್ನಡ. ಬಂದ ವಾರದಲ್ಲೇ ಅವಳು ನೀರು ಹೊಡೆಯುವ ಹೆಂಗಸರನ್ನೆಲ್ಲ ಕೂಡಿಸಿ ಎರಡು ಕಾಂಕ್ರೀಟಿನ ತುಂಡುಗಳನ್ನು ಮುಂದಿಟ್ಟಳು. ಒಂದರ ಮೇಲೆ ಮೊಳೆಯಿಂದ ಗೀರಿದಾಗ ಹಿಟ್ಟು ಉದುರಿತು. ಇನ್ನೊಂದರ ಮೇಲೆ ಮೊಳೆ ಜಾರಿತು.

“ಎರಡೂ ಒಂದಽ ದಿನ, ಒಂದಽ ಗಾಡಿಯಿಂದ ಹಾಕಿದ್ದು,” ಎಂದಳು ಶುಭಾ. “ಇದನ್ನ ಬಿಸಲಾಗ ಬಿಟ್ಟೆ. ಇದನ್ನ ಹತ್ತು ದಿನ ನೀರಾಗ ಇಟ್ಟೆ. ಕಾಂಕ್ರೀಟು ಒಣಗಿ ಗಟ್ಟಿ ಆಗತೈತಿ ಅಂತ ಎಲ್ಲಾರೂ ತಿಳಕೊಂಡಾರ. ಅದು ಸುಳ್ಳು. ನೀರು ಕುಡದು ಗಟ್ಟಿ ಆಗತೈತಿ. ನಾವು ಹಾಕೂದು ಬೂದಿ ಕೂಡಿಸಿದ ಸಿಮೆಂಟು, ಬ್ಯಾಸಿಗಿ ಬ್ಯಾರೆ. ಹತ್ತು ದಿನ ಒಂದು ತಾಸೂ ಮ್ಯಾಲ ಒಣಗಬಾರದು. ಹೊಡದು ಹೋಗಬ್ಯಾಡ್ರಿ. ಸುತ್ತ ಸಣ್ಣ ಕಟ್ಟಿ ಹಾಕಿ ನೀರು ನಿಲ್ಲಸ್ರಿ.”

“ಅಂದ್ರ ಕೂಸಿದ್ದಂಗ,” ಎಂದಿದ್ದಳು ಬಂಡೆಮ್ಮ. “ಅಳಾಕಿಂತ ಮೊದಲಽ ಕುಡಸಬೇಕು.”

ಶುಭಾ ನಕ್ಕು, “ಹೌದ ಬಂಡೆಮ್ಮಾ, ಹಂಗಽ,” ಎಂದಿದ್ದಳು.

ಅಂದಿನಿಂದ ಬಂಡೆಮ್ಮನಿಗೆ ಸ್ಲ್ಯಾಬುಗಳ ಮೇಲೆ ಒಂದು ಬಗೆಯ ಹಕ್ಕು ಬಂತು. ಕಟ್ಟೆ ಒಡೆದು ನೀರು ಹರಿದರೆ ಬಡಗಿಗಳನ್ನು ಬಯ್ಯುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಲು ಕೆಳಗಿಳಿದರೆ ಅಷ್ಟರಲ್ಲಿ ಒಂದು ಮೂಲೆ ಬೆಳ್ಳಗಾದೀತೆಂದು ಮೇಲೆಯೇ ಉಣ್ಣುತ್ತಿದ್ದಳು. ಬೇರೆ ಕಟ್ಟಡಗಳ ಮುಂದೆ ಹೋಗುವಾಗ ಗೋಡೆಯ ಬಿರುಕು ನೋಡಿ, “ಇದಕ್ಕ ಯಾರೋ ನೀರು ಕುಡಿಸಿಲ್ಲ,” ಎನ್ನುತ್ತಿದ್ದಳು.

*

ಮಣ್ಣಿನ ಹೊತ್ತಿಗೆ ಶುಭಾ ಬಂದಳು. ಸ್ಕೂಟರನ್ನು ದೂರ ನಿಲ್ಲಿಸಿ, ಶೂ ಬಿಚ್ಚಿ, ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದಳು. ಬ್ರೇಕರ್ ಮಷಿನ್ನು ಇನ್ನೂ ಬಂಡೆ ಕುಟ್ಟುತ್ತಿತ್ತು. ಹೆಣವನ್ನು ಜಾಲಿ ಗಿಡದ ಚೂರು ನೆರಳಿಗೆ ಇಟ್ಟು ಎಲ್ಲರೂ ಕಾಯುತ್ತಿದ್ದರು. ನೆರಳು ಸರಿದಂತೆ ಹೆಣವನ್ನೂ ಎರಡು ಸಲ ಸರಿಸಬೇಕಾಯಿತು.

“ಏನಾಗಿತ್ರಿ ಖರೇನ?” ಎಂದು ಶುಭಾ ಹುಸೇನಪ್ಪನನ್ನು ಕೇಳಿದಳು. “ಕಾಲು ಬಾವು ಬಂದಾವು ಅಂತ ರಜಾ ಕೇಳಿದ್ಲು. ಅಷ್ಟಽ ನನಗ ಗೊತ್ತು.”

“ಎರಡೂ ಕಿಡ್ನಿ ಹೋಗ್ಯಾವಂದ್ರು ದವಾಖಾನ್ಯಾಗ, ಮೇಡಂ. ಈಗ ಹೋಗಿದ್ದಲ್ಲ, ಭಾಳ ದಿವಸದಿಂದ ಒಳಗೊಳಗಽ ಹೊಂಟಿದ್ವಂತ.” ಹುಸೇನಪ್ಪ ಮಷಿನ್ನಿನ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು. “ಡಾಕ್ಟರು ತೆಲುಗಿನ್ಯಾಗ ಕೇಳಿದ್ರು, ಈಕಿ ನೀರು ಎಷ್ಟು ಕುಡೀತಾಳಂತ. ನಾ ಅಂದೆ, ಆಕಿ ನೀರಿನ್ಯಾಗಽ ಇರ್ತಾಳ್ರಿ, ಮುಂಜಾನಿಂದ ಸಂಜಿತನಾ ನೀರು ಹೊಡಿಯೂದಽ ಆಕಿ ಕೆಲಸ. ಅವರಿಗೆ ತಿಳೀಲಿಲ್ಲೋ, ನಾ ಹೇಳಿದ್ದು ತಪ್ಪಾತೋ... ಮತ್ತ ಅದನ್ನಽ ಕೇಳಿದ್ರು.”

ಮಷಿನ್ನು ನಿಂತಿತು. ಕುಣಿಯಲ್ಲಿದ್ದವರು ಕಲ್ಲಿನ ಚೂರುಗಳನ್ನು ಮೇಲೆತ್ತಿ ಹಾಕತೊಡಗಿದರು.

“ಆಕಿ ಕುಡೀತಿದ್ದಿಲ್ಲ ಯಪ್ಪಾ,” ಎಂದಳು ಸುವರ್ಣಾ.

ಹುಸೇನಪ್ಪ ಮಗಳ ಕಡೆ ತಿರುಗಿದ. “ಏನಂದಿ?”

“ಮುಂಜಾನಿ ಮ್ಯಾಲ ಹೋದ್ರ ಸಂಜಿತನಾ ನೀರು ಕುಡೀತಿದ್ದಿಲ್ಲ. ನಾನೂ ಕುಡಿಯಂಗಿಲ್ಲ. ಹುಲಿಗೆಮ್ಮನೂ ಕುಡಿಯಂಗಿಲ್ಲ.”

“ಯಾಕ?”

“ಕುಡದು ಎಲ್ಲಿ ಹೋಗಬೇಕು ಹೇಳು?”

ಹುಸೇನಪ್ಪ ಅರ್ಥವಾಗದವನಂತೆ ಹೆಂಗಸರ ಕಡೆ ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು. ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ನನಗೊಂದಿನಾ ಹೇಳ್ಲಿಲ್ಲ ಆಕಿ.”

“ಗಂಡಸರ ಮುಂದ ಹೇಳೂ ಮಾತೇನು ಅದು,” ಎಂದಳು ಹುಲಿಗೆಮ್ಮ.

*

ಸುವರ್ಣಾ ಗಂಡನ ಮನೆ ಬಿಟ್ಟು ಬಂದು ಅವ್ವನ ಜೊತೆ ಕೆಲಸಕ್ಕೆ ಹತ್ತಿದ ಮೊದಲ ದಿನವೂ ಹೀಗೇ ಬಿಸಿಲಿತ್ತು. ಪೈಪಿನ ನೀರು ಕಾಂಕ್ರೀಟಿಗೆ ಬಿದ್ದ ಕೂಡಲೇ ಆವಿ ಏಳುತ್ತಿತ್ತು. ಅವಳು ಬಾಟಲಿ ಎತ್ತಿ ಗಟಗಟ ಕುಡಿಯತೊಡಗಿದಾಗ ಬಂಡೆಮ್ಮ ಬಂದು ಕೈಹಿಡಿದಳು.

“ಬಾಯಿ ಮುಕ್ಕಳಿಸಿ ಉಗುಳು. ನುಂಗಬ್ಯಾಡ.”

“ಯಾಕವ್ವಾ? ನೀರಡಸಿ ಸಾಯಾಕತ್ತೀನಿ.”

“ಆಮ್ಯಾಲ ಗೊತ್ತಾಗತೈತಿ.”

ಮಧ್ಯಾಹ್ನ ಗೊತ್ತಾಯಿತು. ಅಷ್ಟೂ ಮಹಡಿ ಇಳಿದು ಹೋದರೆ ಗೇಟಿನ ಬಳಿ ಇದ್ದ ಒಂದೇ ತಗಡಿನ ಪಾಯಖಾನೆಯ ಮುಂದೆ ಗಂಡಸರ ಸಾಲು. ಬಾಗಿಲಿಗೆ ಚಿಲಕವಿಲ್ಲ. ಒಳಗೆ ಕಾಲಿಡುವಂತಿಲ್ಲ. ಅವಳು ಹಾಗೇ ತಿರುಗಿ ಮೆಟ್ಟಿಲು ಹತ್ತಿದಳು. ಕತ್ತಲಾದ ಮೇಲೆ ಹೆಂಗಸರೆಲ್ಲ ಕೂಡಿ ಕಾಂಪೌಂಡಿನ ಆಚೆ ಮುಳ್ಳುಕಂಟಿಯ ಕಡೆ ಹೋಗುವಾಗ ಅವ್ವ ಅವಳ ಕೈಹಿಡಿದುಕೊಂಡು ನಡೆದಳು. ನಾಲ್ಕೈದು ದಿನದಲ್ಲಿ ಸುವರ್ಣಾಳಿಗೂ ರೂಢಿಯಾಯಿತು.

*

ಬಂಡೆಮ್ಮನನ್ನು ಕುಣಿಗಿಳಿಸಿದರು. ಹುಸೇನಪ್ಪ ಮೊದಲ ಹಿಡಿ ಮಣ್ಣು ಹಾಕುವಾಗ ಕೈ ನಡುಗಿ ಮಣ್ಣು ಕುಣಿಯ ಹೊರಗೇ ಉದುರಿತು. ಅವನು ಇನ್ನೊಂದು ಹಿಡಿ ತೆಗೆದುಕೊಂಡ. ಮಣ್ಣಿಗಿಂತ ಕಲ್ಲೇ ಹೆಚ್ಚಿತ್ತು. ಅವ್ವನ ಮೈಮೇಲೆ ಕಲ್ಲು ಬಿದ್ದ ಸದ್ದು ಕೇಳಬಾರದೆಂದು ಸುವರ್ಣಾ ಬಗ್ಗಿ ಚೂರುಗಳನ್ನು ಆರಿಸಿ ಆಚೆ ಎಸೆಯತೊಡಗಿದಳು. ಅವಳ ಜೊತೆ ಶುಭಾಳೂ ಬಗ್ಗಿದಳು.

“ನಾ ಆಫೀಸಿನ್ಯಾಗ ಎರಡು ಸಲ ಕೇಳಿದ್ದೆ ಸುವರ್ಣಾ,” ಎಂದಳು ಮೆಲ್ಲಗೆ. “ಮ್ಯಾಲಿನ ಮಹಡ್ಯಾಗ ಹೆಂಗಸರಿಗೆ ಒಂದು ಮಾಡಿಕೊಡ್ರಿ ಅಂತ. ಕಟ್ಟಡ ಮುಗಿಯೂದ್ರೊಳಗ ನೋಡೂಣು ಅಂದ್ರು.”

“ನಿಮ್ಮ ಆಫೀಸಿನ್ಯಾಗ ಐತಲ್ರಿ. ಅದಕ್ಕ ಕೀಲಿನೂ ಐತಿ.”

ಶುಭಾ ಇನ್ನೊಂದು ಕಲ್ಲು ಆರಿಸಿ ಆಚೆ ಹಾಕಿದಳು.

ಎಲ್ಲ ಮುಗಿದು ಜನ ಕೈಕಾಲು ತೊಳೆದುಕೊಳ್ಳುವಾಗ ಗುರುಸಿದ್ದಪ್ಪ ಸಂಕೋಚದಿಂದ ಹೆಂಗಸರ ಹತ್ತಿರ ಬಂದ. “ಒಂಬತ್ತನೇ ಸ್ಲ್ಯಾಬು ಮುಂಜಾನಿಂದ ಒಣಗಾಕತ್ತೈತಿ. ಯಾರರ ಇಬ್ರು ಬರ್ರೆವ್ವಾ. ಸುವರ್ಣಾ, ನೀ ಬ್ಯಾಡ.”

“ನಾನೂ ಬರ್ತೀನಿ.”

“ಇವತ್ತು ಬ್ಯಾಡವಾ,” ಎಂದು ಹುಲಿಗೆಮ್ಮ ತೋಳು ಹಿಡಿದಳು.

“ಶೆಡ್ಡಿನ್ಯಾಗ ಕುಂತು ಏನು ನೋಡ್ಲಿ?”

ಒಂಬತ್ತನೆಯ ಮಹಡಿಯಲ್ಲಿ ಬಂಡೆಮ್ಮ ಹಾಕಿದ ಕಟ್ಟೆಗಳ ಒಳಗೆ ನೀರು ಆರಿ, ಸ್ಲ್ಯಾಬು ಮೂಲೆಗಳಿಂದ ಬಿಳಿಚಿಕೊಳ್ಳುತ್ತ ಬಂದಿತ್ತು. ಸುವರ್ಣಾ ಪೈಪು ಹಿಡಿದಳು. ಒಂದೊಂದೇ ಅಂಕಣ ತುಂಬಿ ಆಕಾಶ ಕಂಡಿತು. ಕೊನೆಯದು ತುಂಬಿದ ಮೇಲೆ ಸುವರ್ಣಾ, ಹುಲಿಗೆಮ್ಮ ಬಾಯಿ ಮುಕ್ಕಳಿಸಲು ತಂದಿದ್ದ ನೀರಿನ ಬಾಟಲಿ ಎತ್ತಿಕೊಂಡು, ನಿಂತಲ್ಲೇ, ಎಲ್ಲರ ಮುಂದೆ ಪೂರ್ತಿ ಕುಡಿದಳು.

ಸ್ಲ್ಯಾಬಿನ ಮೇಲೆ ಮುಂದಿನ ಮಹಡಿಯ ಕಂಬಗಳು ನಿಂತಿದ್ದವು. ಹಿಂದಿನ ದಿನವಷ್ಟೇ ಹಲಗೆ ಬಿಚ್ಚಿ, ಒದ್ದೆ ಗೋಣಿತಾಟು ಸುತ್ತಿ ತಂತಿ ಬಿಗಿದಿದ್ದರು. ಅವಕ್ಕೂ ಈಗಷ್ಟೇ ಪೈಪು ಹಿಡಿದಿದ್ದರಿಂದ ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುವರ್ಣಾ ಮೂಲೆಯ ಕಂಬದ ಹತ್ತಿರ ಹೋಗಿ ತಂತಿ ಬಿಚ್ಚತೊಡಗಿದಳು.

“ಏನು ಮಾಡಾಕತ್ತೀ? ಕಂಬ ಬಿರೀತೈತಿ!” ಎಂದು ಹುಲಿಗೆಮ್ಮ ಗಾಬರಿಯಾದಳು.

ಸುವರ್ಣಾ ಸುತ್ತು ಸುತ್ತಾಗಿ ಗೋಣಿಯನ್ನು ಬಿಡಿಸಿಕೊಂಡಳು. ಅದರ ಒಂದು ತುದಿಯನ್ನು ಅಂಚಿನ ಕಟಾಂಜನಕ್ಕೆ ಕಟ್ಟಿದಳು. ಅಲ್ಲಿಂದ ಕಂಬವನ್ನು ಬಳಸಿ ಮರೆಯಾಗುವಂತೆ ಎಳೆದಳು. ಸಿಮೆಂಟು ಅಂಟಿದ ಬಕೀಟಿಗೆ ಮರಳು ಹಾಕಿ ಒಳಗಿಟ್ಟಳು. ಗೋಣಿ ಸಾಲದೆ ಇನ್ನೊಂದು ಕಂಬದ್ದನ್ನೂ ಬಿಚ್ಚಿದಳು. ಅದನ್ನು ಕಟ್ಟುತ್ತಿರುವಾಗ ಮೆಟ್ಟಿಲು ಹತ್ತಿ ಶುಭಾ ಬಂದಳು. ಏದುಸಿರು ಬಿಡುತ್ತ ಬರಿಮೈಯಾದ ಎರಡು ಕಂಬಗಳನ್ನೂ ಗೋಣಿಯ ಮರೆಯನ್ನೂ ನೋಡಿದಳು.

“ಆ ಕಂಬಕ್ಕ ಇನ್ನೂ ನೀರು ಬೇಕು ಸುವರ್ಣಾ.”

“ಗೊತ್ತೈತ್ರಿ. ನಮ್ಮವ್ವ ಹೇಳಿಕೊಟ್ಟಾಳ.”

ಗಾಳಿ ಬೀಸಿ ಕಟ್ಟದ ತುದಿ ಹಾರಿತು. ತಂತಿ ಮುಗಿದಿತ್ತು. ಸುವರ್ಣಾ ಹಿಡಿಯಲು ಕೈಚಾಚುವ ಮೊದಲೇ ಶುಭಾ ಅದನ್ನು ಹಿಡಿದುಕೊಂಡು ಬೆನ್ನು ತಿರುಗಿಸಿ ನಿಂತಳು.

“ನೀ ಹೋಗು ಮೊದಲು,” ಎಂದಳು ಸುವರ್ಣಾ ಹುಲಿಗೆಮ್ಮನಿಗೆ.

ಹುಲಿಗೆಮ್ಮ ಸುತ್ತಲೂ ಒಮ್ಮೆ ನೋಡಿ, ಸೆರಗು ಬಿಗಿದುಕೊಂಡು ಗೋಣಿಯ ಹಿಂದೆ ಸರಿದಳು. ಶುಭಾಳ ಕೈಯಲ್ಲಿದ್ದ ಗೋಣಿಯಿಂದ ನೀರು ಇಳಿದು ಅವಳ ಮೊಣಕೈವರೆಗೆ ಹರಿಯಿತು. ಮೂಲೆಯ ಕಂಬ ಮೇಲಿನಿಂದ ಬೆಳ್ಳಗಾಗುತ್ತ ಬರುತ್ತಿತ್ತು, ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ.